ಕಾರ್ಖಾನೆ ಹೋಯಿತು, ಕೊಪ್ಪರಿಗೆ ಉಳಿಯಿತು

ಮುನ್ನೂರು ವರ್ಷ ಒಂದೇ ಊರಲ್ಲಿ ನಡೆದ ವ್ಯಾಪಾರ ಒಂದು ದಿನ ಬೀಗ ಹಾಕಿಕೊಂಡು ಹೊರಟುಬಿಟ್ಟರೆ ಆ ಊರಿಗೆ ಏನು ಉಳಿಯುತ್ತದೆ? ಗೋಡೆ ಉಳಿಯುತ್ತದೆ, ಬೋರ್ಡು ಉಳಿಯುತ್ತದೆ, ಹಳಬರ ಬಾಯಲ್ಲಿ ನಾಲ್ಕು ಕತೆ ಉಳಿಯುತ್ತದೆ. ಅಷ್ಟೇನಾ? ಅಷ್ಟೇ ಅಲ್ಲ ಅನ್ನುವುದಕ್ಕೆ ಐರ್ಲೆಂಡಿನ ಕೆಂಪು ಬಿಯರ್ ಸಾಕ್ಷಿ.

ಐರ್ಲೆಂಡಿನಲ್ಲಿ ಕಿಲ್ಕೆನಿ ಅಂತ ಒಂದು ಊರು. ನೋರ್ ಎಂಬ ಹೊಳೆಯ ದಂಡೆ, ಹಳೇ ಕೋಟೆ, ಮೂವತ್ತು ಸಾವಿರ ತುಂಬದ ಜನ. ಅಲ್ಲಿಯ ಫ್ರಾನ್ಸಿಸ್ಕನ್ ಮಠದ ಹಳೇ ಜಾಗದಲ್ಲಿ 1710ರಲ್ಲಿ ಜಾನ್ ಸ್ಮಿಥಿಕ್ ಎಂಬಾತ ಬಿಯರ್ ಕಾಯಿಸುವ ಕೊಪ್ಪರಿಗೆ ಇಟ್ಟ. ಮಾಣಿಕ್ಯದ ಬಣ್ಣದ ಕೆಂಪು ಬಿಯರಿಗೆ ಆ ಮನೆತನದ ಹೆಸರೇ ಅಂಟಿಕೊಂಡಿತು. 1965ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಕಂಪನಿ ಅದನ್ನು ಕೊಂಡಿತು. ಗಿನ್ನೆಸ್ 1997ರಲ್ಲಿ ಡಿಯಾಜಿಯೊ ಎಂಬ ಇನ್ನೂ ದೊಡ್ಡ ಹೊಟ್ಟೆಯೊಳಗೆ ಸೇರಿತು. ದೊಡ್ಡವರ ಲೆಕ್ಕದ ಪುಸ್ತಕದಲ್ಲಿ ಸಣ್ಣ ಊರಿಗೆ ಜಾಗ ಎಲ್ಲಿ? 2013ರ ಕೊನೆಗೆ ಕಿಲ್ಕೆನಿಯ ಬ್ರೂವರಿಗೆ ಬೀಗ ಬಿತ್ತು. ಬಿಯರ್ ಡಬ್ಲಿನ್ನಿನ ದೊಡ್ಡ ಕಾರ್ಖಾನೆಗೆ ಹೋಯಿತು. ಮರುವರ್ಷ ಹಳೇ ಜಾಗದಲ್ಲಿ ಪ್ರವಾಸಿಗರಿಗೆ ಬಿಯರಿನ ಚರಿತ್ರೆ ಹೇಳುವ ಕೇಂದ್ರ ತೆರೆಯಿತು. ಕೊಪ್ಪರಿಗೆ ಇದ್ದಲ್ಲಿ ಟಿಕೆಟ್ಟು!

ನಮ್ಮ ಅಂಗಡಿಯವರಿಗೆ ಇಂಥ ನೋವು ಹೊಸದೇನಲ್ಲ. 1993ರಲ್ಲಿ ಪಾರ್ಲೆಯವರ ಪಾನೀಯಗಳು ಕೋಕಾ-ಕೋಲಾ ಕೈಗೆ ಹೋದವು. ಥಮ್ಸ್ ಅಪ್ ಉಳಿಯಿತು, ಗೋಲ್ಡ್ ಸ್ಪಾಟ್ ಅಂಗಡಿಯಿಂದ ನಿಧಾನವಾಗಿ ಮಾಯವಾಯಿತು. ಕ್ರೇಟು ಗಟ್ಟಲೆ ಮಾರಿದವರು ಕೈ ಕಟ್ಟಿ ಕೂತು ನೋಡಿದರು. ಬೇಕು ಅಂದರೂ ಮನೆಯಲ್ಲಿ ಮಾಡಿಕೊಳ್ಳುವ ಹಾಗಿರಲಿಲ್ಲ. ಗುಟ್ಟು ಕಂಪನಿಯ ಪೆಟ್ಟಿಗೆಯಲ್ಲಿ ಭದ್ರ.

ಐರಿಷ್ ಕೆಂಪು ಬಿಯರಿನ ವಿಷಯ ಹಾಗಲ್ಲ. ಅದರ ಗುಟ್ಟು ಜನರ ಕೈಯಲ್ಲಿತ್ತು.

ಲೇಬಲ್ಲಿನ ದೇಶಾಂತರ

ಕಿಲ್ಕೆನಿಗಿಂತ ಮೊದಲೇ ಇನ್ನೊಂದು ಊರಿಗೆ ಇದೇ ಗತಿ ಬಂದಿತ್ತು. ವೆಕ್ಸ್‌ಫರ್ಡ್ ಜಿಲ್ಲೆಯ ಎನಿಸ್ಕಾರ್ಥಿಯಲ್ಲಿ ಲೆಟ್ ಎಂಬ ಮನೆತನದವರ ಬ್ರೂವರಿ 1956ರಲ್ಲಿ ಮುಚ್ಚಿತು. ಆ ಮನೆಯ ಜಾರ್ಜ್ ಕಿಲಿಯನ್ ಲೆಟ್ ಮನೆತನದ ಹೆಸರನ್ನು ಮೊದಲು ಫ್ರಾನ್ಸಿನ ಕಂಪನಿಗೆ, ಆಮೇಲೆ ಅಮೆರಿಕದ ಕೂರ್ಸ್ ಕಂಪನಿಗೆ ಲೈಸೆನ್ಸ್ ಮೇಲೆ ಕೊಟ್ಟ. 1981ರಿಂದ ‘ಕಿಲಿಯನ್ಸ್ ಐರಿಷ್ ರೆಡ್’ ಅಮೆರಿಕದ ಅಂಗಡಿಗಳಲ್ಲಿ ಸಾಲುಗಟ್ಟಿ ನಿಂತಿತು.

ತಮಾಷೆ ಇರುವುದು ಇಲ್ಲೇ. ಲೇಬಲ್ಲಿನ ಮೇಲೆ ಐರಿಷ್, ಬಾಟಲಿಯೊಳಗೆ ಲಾಗರ್! ಏಲ್ ಎಂಬುದು ಹತ್ತೊಂಬತ್ತು ಇಪ್ಪತ್ತು ಡಿಗ್ರಿಯ ಹಿತವಾದ ಕಾವಿನಲ್ಲಿ ಹುದುಗು ಬರುವ ಬಿಯರ್. ಲಾಗರ್ ಎಂಬುದು ಹತ್ತು ಡಿಗ್ರಿ ಆಸುಪಾಸಿನ ತಣ್ಣನೆ ಕೋಣೆಯಲ್ಲಿ ತಿಂಗಳುಗಟ್ಟಲೆ ಮಲಗುವ ಬಿಯರ್. ಯೀಸ್ಟು ಬೇರೆ, ರುಚಿ ಬೇರೆ. ಐರ್ಲೆಂಡಿನ ಕೆಂಪು ಬಿಯರ್ ಹುಟ್ಟಿನಿಂದ ಏಲ್. ಮೈಸೂರು ಪಾಕ್ ಅಂತ ಬೋರ್ಡು ಹಾಕಿ ಬರ್ಫಿ ಕಟ್ಟಿಕೊಟ್ಟರೆ ನಮ್ಮವರು ಸುಮ್ಮನಿರುತ್ತಾರಾ? ಆದರೆ ಲೈಸೆನ್ಸು ಪಡೆದವನಿಗೆ ಹೆಸರೊಂದಿದ್ದರೆ ಸಾಕು. ಹೆಸರು ಮಾರಬಹುದು, ರುಚಿ ಅದರ ಬೆನ್ನಿಗೆ ಬರಬೇಕು ಅಂತ ಯಾವ ಕಾಗದದಲ್ಲೂ ಬರೆದಿರುವುದಿಲ್ಲ.

ಹಾಗಾದರೆ ನಿಜವಾದ ಕೆಂಪು ಏಲ್ ಎಲ್ಲಿ ಉಳಿಯಿತು? ಒಂದಿಷ್ಟು ಪಬ್ಬುಗಳಲ್ಲಿ ಉಳಿಯಿತು, ಸರಿ. ಇನ್ನೊಂದಿಷ್ಟು, ಯಾರೂ ಎಣಿಸದ ಕಡೆ, ಅಡುಗೆಮನೆಗಳಲ್ಲಿ ಉಳಿಯಿತು.

ಒಲೆಯ ಮೇಲಿನ ಲೆಕ್ಕ

ಮನೆಯಲ್ಲಿ ಬಿಯರ್ ಕಾಯಿಸುವುದು ಅಂದರೆ ನಮ್ಮಲ್ಲಿ ಅನೇಕರಿಗೆ ಕಳ್ಳಬಟ್ಟಿಯ ಹೊಗೆ ನೆನಪಾಗುತ್ತದೆ. ಅದು ಇದಲ್ಲ. ಇದು ಹೆಚ್ಚು ಕಡಿಮೆ ಅಡುಗೆ ಕೆಲಸ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಮಗುವಿಗೆ ಮಾಲ್ಟ್ ಮಾಡುವುದು ನಮ್ಮ ತಾಯಂದಿರಿಗೆ ಗೊತ್ತು. ಅಲ್ಲಿ ರಾಗಿಯ ಬದಲು ಬಾರ್ಲಿ.

ಇಪ್ಪತ್ತು ಲೀಟರಿಗೆ ಲೆಕ್ಕ ಹೀಗೆ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ ಸುಮಾರು ನಾಲ್ಕು ಕಿಲೊ. ಸಕ್ಕರೆ ಪಾಕದ ಬಣ್ಣ ಬರಲು ಕ್ರಿಸ್ಟಲ್ ಮಾಲ್ಟ್ ಎಂಬ ಬಗೆ ಕಾಲು ಕಿಲೊ. ಇನ್ನು ಕಾಫಿ ಬೀಜದ ಹಾಗೆ ಕಪ್ಪಗೆ ಹುರಿದ ಬಾರ್ಲಿ ನೂರು ಗ್ರಾಂ. ಇಡೀ ಕೆಂಪಿನ ಗುಟ್ಟು ಈ ನೂರು ಗ್ರಾಮಿನಲ್ಲಿ. ಕೈ ಜಾರಿ ಅರ್ಧ ಕಿಲೊ ಬಿದ್ದರೆ ಕೆಂಪೂ ಇಲ್ಲ, ಏನೂ ಇಲ್ಲ. ಗಿನ್ನೆಸ್ಸಿನ ಕಪ್ಪು ಸ್ಟೌಟಿನ ತಮ್ಮ ಹುಟ್ಟುತ್ತಾನೆ.

ಒಡೆದ ಕಾಳನ್ನು 67 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ಒಂದು ಗಂಟೆ ಇಡಬೇಕು. ಆ ಕಾವಿನಲ್ಲಿ ಮೊಳಕೆಯೊಳಗಿನ ಕಿಣ್ವಗಳು ಹಿಟ್ಟನ್ನು ಸಕ್ಕರೆ ಮಾಡುತ್ತವೆ. ನೀರು ಕುದಿಯುವಷ್ಟು ಬಿಸಿ ಇದ್ದರೆ ಕಿಣ್ವ ಸಾಯುತ್ತದೆ, ಗಂಜಿ ಗಂಜಿಯಾಗಿಯೇ ಉಳಿಯುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ನಲವತ್ತು ಗ್ರಾಂ ಹಾಕಿ ಒಂದು ಗಂಟೆ ಕುದಿಸಬೇಕು. ಇಂಗ್ಲೆಂಡಿನ ಕೆಂಟ್ ಸೀಮೆಯ ಗೋಲ್ಡಿಂಗ್ಸ್ ಹೂ ಇದಕ್ಕೆ ಒಪ್ಪುತ್ತದೆ. ಬೇಗ ಆರಿಸಿ, ಯೀಸ್ಟು ಹಾಕಿ, ಮುಚ್ಚಿ ಎರಡು ವಾರ. ಬಾಟಲಿಗೆ ತುಂಬುವಾಗ ಲೀಟರಿಗೆ ಐದಾರು ಗ್ರಾಂ ಸಕ್ಕರೆ, ಮತ್ತೆ ಎರಡು ವಾರ. ಸಕ್ಕರೆ ಜಾಸ್ತಿ ಸುರಿದರೆ ಬಾಟಲಿ ಪಟಾಕಿ! ರಾತ್ರಿ ಹೊತ್ತು ಬೀರು ಒಳಗೇ ಢಂ ಅಂದ ಕತೆ ಆ ದೇಶಗಳಲ್ಲಿ ಮನೆಮನೆಗೂ ಇದೆ.

ಎಲ್ಲಕ್ಕಿಂತ ದೊಡ್ಡ ಪಾಠ ಶುಚಿ. ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಿದವನಿಗೆ ಅಜ್ಜಿ ಬೈಯುವುದು ಯಾಕೆ? ಅದೇ ಕಾರಣ. ಬೇಡದ ಸೂಕ್ಷ್ಮಜೀವಿ ಹೊಕ್ಕರೆ ಇಪ್ಪತ್ತು ಲೀಟರೂ ಚರಂಡಿ ಪಾಲು. ಬಿಯರ್ ಮಾಡುವವನ ದಿನದಲ್ಲಿ ಮುಕ್ಕಾಲು ಪಾಲು ಪಾತ್ರೆ ತೊಳೆಯುವುದೇ.

ಈ ಲೆಕ್ಕ ಯಾವ ತಿಜೋರಿಯಲ್ಲೂ ಇಲ್ಲ. ಮನೆ ಬಿಯರಿನವರ ಸ್ಪರ್ಧೆಗೆ ತೀರ್ಪುಗಾರರನ್ನು ತಯಾರು ಮಾಡುವ ಅಮೆರಿಕದ ಒಂದು ಸಂಸ್ಥೆ ಇದೆ, 1985ರಲ್ಲಿ ಶುರುವಾದದ್ದು. ಅದರ 2021ರ ಪುಸ್ತಕದಲ್ಲಿ ಐರಿಷ್ ರೆಡ್ ಏಲಿಗೆ ಪ್ರತ್ಯೇಕ ಜಾಗವೇ ಇದೆ. ಮದ್ಯಸಾರ ಶೇಕಡ 3.8ರಿಂದ 5.0, ಕಹಿ ಹದವಾಗಿ, ಕೊನೆಗೆ ನಾಲಿಗೆ ಮೇಲೆ ಹುರಿದ ಕಾಳಿನ ಒಣ ರುಚಿ. ಕಂಪನಿ ಬಣ್ಣ ಬದಲಿಸಬಹುದು, ಊರು ಬದಲಿಸಬಹುದು. ಮನೆಯಲ್ಲಿ ಮಾಡುವವನು ಈ ಅಳತೆ ಬಿಡುವುದಿಲ್ಲ.

ಸುಂಕದವನ ಭಯ

ಆದರೆ ಆ ದೇಶಗಳಲ್ಲೂ ಒಲೆ ಹಚ್ಚುವ ಸ್ವಾತಂತ್ರ್ಯ ಪುಕ್ಕಟೆ ಬರಲಿಲ್ಲ. ಬ್ರಿಟನ್ನಿನಲ್ಲಿ 1880ರಲ್ಲಿ ಮಾಲ್ಟಿನ ಮೇಲಿನ ಸುಂಕ ತೆಗೆದು ಬಿಯರಿನ ಮೇಲೆ ಹಾಕಿದರು. ಜೊತೆಗೆ ಮನೆಯಲ್ಲಿ ಮಾಡುವವನಿಗೂ ಲೈಸೆನ್ಸು ಬೇಕು ಅಂದರು. ಅದು ಹೋದದ್ದು 1963ರಲ್ಲಿ, ಹಣಕಾಸು ಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ಕಾಲಕ್ಕೆ. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಎದ್ದರೂ ಮನೆ ಬಿಯರಿಗೆ ಬಾಗಿಲು ತೆರೆಯಲಿಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಒಬ್ಬ ವಯಸ್ಕನ ಮನೆಗೆ ವರ್ಷಕ್ಕೆ ನೂರು ಗ್ಯಾಲನ್, ಇಬ್ಬರಿಂದ ಮೇಲಿದ್ದರೆ ಇನ್ನೂರು ಗ್ಯಾಲನ್ ಅಂತ ಮಿತಿ ಹಾಕಿ ಬಿಟ್ಟರು. ಅದರ ಮೇಲೂ ಒಂದೊಂದು ರಾಜ್ಯ ಒಂದೊಂದು ಹಠ ಹಿಡಿಯಿತು. ಅಲಬಾಮ, ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಐರ್ಲೆಂಡಿನಲ್ಲೂ ಇಂದು ತನಗಾಗಿ ಮಾಡಿಕೊಂಡವನಿಗೆ ಸುಂಕವಿಲ್ಲ.

ಎಲ್ಲ ಕಡೆ ಗೆರೆ ಎಳೆದಿರುವುದು ಒಂದೇ ಜಾಗದಲ್ಲಿ. ಮಾಡಿಕೋ, ಮಾರಬೇಡ. ಮಾರಿದೆಯೋ, ಕಾನೂನು ಬಾಗಿಲಿಗೆ ಬರುತ್ತದೆ.

ಮನೆಯಲ್ಲೇ ಮಾಡಿಕೊಂಡರೆ ಖಜಾನೆ ಬರಿದಾಗುತ್ತದೆ ಅಂತ ಸುಂಕದವನು ಹೆದರಿದ್ದ. ಆದದ್ದೇನು? ಕ್ಯಾಲಿಫೋರ್ನಿಯಾದ ಚಿಕೊ ಎಂಬ ಊರಲ್ಲಿ ಕೆನ್ ಗ್ರಾಸ್‌ಮನ್ ಎಂಬಾತ ಮನೆ ಬಿಯರಿನ ಸಾಮಾನು ಮಾರುವ ಸಣ್ಣ ಅಂಗಡಿ ಇಟ್ಟಿದ್ದ. ಕಾನೂನು ಸಡಿಲವಾದ ಮೇಲೆ, 1980ರಲ್ಲಿ, ಅದೇ ಅಂಗಡಿಯವನ ಸಿಯೆರಾ ನೆವಾಡಾ ಬ್ರೂವರಿಯಿಂದ ಬಿಯರ್ ಹೊರಬಂತು. ಅದು ಇಂದು ಆ ದೇಶದ ದೊಡ್ಡ ಹೆಸರುಗಳಲ್ಲಿ ಒಂದು. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಬ್ರೂವರಿಗಳು ನೂರೂ ಇರಲಿಲ್ಲ. ಈಚಿನ ವರ್ಷಗಳಲ್ಲಿ ಒಂಬತ್ತು ಸಾವಿರ ದಾಟಿದವು. ಒಲೆ ಮುಂದೆ ಕಲಿತವರು ಲೈಸೆನ್ಸು ಪಡೆದು ಸುಂಕ ಕಟ್ಟುವವರಾದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಅನ್ನುತ್ತಾರೆ. ಇಲ್ಲಿ ಹೇಳಿಕೊಳ್ಳದೆಯೇ ಅವನ ಚೀಲ ತುಂಬಿತು.

ನಮ್ಮ ಮಾತು

ಈಗ ನಮ್ಮ ರಾಜ್ಯಕ್ಕೆ ಬರೋಣ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರೂ ಅದರಲ್ಲೇ ಸೇರಿತು. ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಕುಳಿತವನು ಕೆಂಪು ಏಲ್ ತರಿಸಿಕೊಳ್ಳಬಹುದು. ಅದನ್ನೇ ಮನೆಯ ಹಂಡೆಯಲ್ಲಿ ಕಾಯಿಸಿದರೆ ಕೇಸು. ಕಾನೂನು ಇರುವ ತನಕ ಕಾನೂನೇ. ಇದನ್ನು ಓದಿ ನಾಳೆ ಯಾರೂ ಹಂಡೆ ಇಳಿಸುವುದು ಬೇಡ.

ನಮ್ಮ ಸರ್ಕಾರದ ಭಯಕ್ಕೆ ಕಾರಣ ಇಲ್ಲದಿಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ಸಾರಾಯಿಯೇ ನಿಂತಿತು. ಕೂಲಿ ದುಡ್ಡು ಸಾರಾಯಿ ಅಂಗಡಿಗೆ ಸುರಿದು ಬರಿಗೈಯಲ್ಲಿ ಮನೆಗೆ ಬಂದ ಗಂಡಸಿನ ಎದುರು ನಿಂತ ಹೆಂಗಸಿಗೆ ‘ಬಾರ್ಲಿ, ಹಾಪ್ಸ್’ ಅಂತ ಪಾಠ ಹೇಳಿದರೆ ಅವಳು ಕಸಪೊರಕೆ ತೋರಿಸುತ್ತಾಳೆ. ತೋರಿಸಬೇಕಾದ್ದೇ.

ಆದರೆ ಒಂದು ಮಾತು ಬಿಡಿಸಿ ನೋಡಬೇಕು. ಆ ಮುನ್ನೂರು ಜನರನ್ನು ಕೊಂದದ್ದು ಹುದುಗು ಬಂದ ಬಾರ್ಲಿ ಅಲ್ಲ. ಮಾರಾಟದ ಮಾಲಿಗೆ ಬೆರೆತ ಮೆಥನಾಲ್, ಅಂದರೆ ಕಾರ್ಖಾನೆಯ ರಾಸಾಯನಿಕ. ಯೀಸ್ಟು ಬಾರ್ಲಿಯ ಸಕ್ಕರೆ ತಿಂದು ಕೊಡುವುದು ಬೇರೆಯೇ ಮದ್ಯಸಾರ. ವಿಷ ಬೆರೆಸುವುದು ಕಾಸಿನಾಸೆ. ಅದಕ್ಕೇ ಬ್ರಿಟನ್, ಅಮೆರಿಕ, ಐರ್ಲೆಂಡುಗಳಲ್ಲಿ ಮನೆ ಬಿಯರಿಗೆ ಬಿಟ್ಟಿದ್ದಾರೆಯೇ ಹೊರತು ಮನೆಯಲ್ಲಿ ಬಟ್ಟಿ ಇಳಿಸಲು ಇಂದಿಗೂ ಬಿಟ್ಟಿಲ್ಲ. ತನ್ನ ನಾಲಿಗೆಗೆ ಮಾಡಿಕೊಳ್ಳುವವನನ್ನೂ ಪರರ ಪ್ರಾಣದ ಮೇಲೆ ಲಾಭ ಮಾಡುವವನನ್ನೂ ಒಂದೇ ಚೀಲಕ್ಕೆ ತುಂಬುವುದು ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ.

ಮನೆಯಲ್ಲೇ ಸಿಕ್ಕರೆ ಕುಡುಕನಿಗೆ ಹಬ್ಬ ಅಲ್ಲವೇ ಅನ್ನಬಹುದು. ಇರಬಹುದು. ಆದರೆ ನಾಲ್ಕು ವಾರ ಪಾತ್ರೆ ತೊಳೆದು, ಕಾವು ನೋಡಿ, ಕಾದು ಕೂರುವ ತಾಳ್ಮೆ ಇದ್ದವನು ಕುಡುಕ ಯಾಕಾಗುತ್ತಾನೆ? ಕುಡುಕನಿಗೆ ಬೇಕಾದದ್ದು ಈ ಸಂಜೆ, ಈ ಗಳಿಗೆ. ಅವನಿಗೆ ಮೂಲೆಯ ಅಂಗಡಿ ಸಾಕು. ಅದಕ್ಕೆ ಲೈಸೆನ್ಸು ಕೊಟ್ಟದ್ದು ಸರ್ಕಾರವೇ.

ಆದ್ದರಿಂದ ಸರ್ಕಾರ ಯೋಚಿಸಬೇಕಾದದ್ದು ಇಷ್ಟು. ಅಳತೆ ಕಟ್ಟಲಿ, ಮಾರಾಟಕ್ಕೆ ಬಿಗಿ ಶಿಕ್ಷೆ ಇಡಲಿ, ಬಟ್ಟಿಯನ್ನು ದೂರ ಇಡಲಿ. ಆದರೆ ಮನೆಯ ಕೈಗಳಿಂದ ಕಸುಬನ್ನು ಪೂರ್ತಿ ಕಿತ್ತುಕೊಂಡರೆ ಅದು ಹೋಗಿ ಸೇರುವುದು ದೊಡ್ಡ ಕಂಪನಿಯ ಪೆಟ್ಟಿಗೆಗೇ. ಆಮೇಲೆ ಯಾವ ಊರಿನ ರುಚಿ ಉಳಿಯಬೇಕು, ಯಾವುದು ಸಾಯಬೇಕು ಅಂತ ನಿರ್ಧರಿಸುವವನು ಎಲ್ಲೋ ಕೂತ ಲೆಕ್ಕಿಗ.

ಕಿಲ್ಕೆನಿಯ ಕತೆ ಬೀಗದಲ್ಲೇ ಮುಗಿಯಲಿಲ್ಲ. 2016ರಲ್ಲಿ ಅದೇ ಊರಲ್ಲಿ ಸಲಿವನ್ಸ್ ಎಂಬ ಸಣ್ಣ ಬ್ರೂವರಿ ತೆರೆಯಿತು. ಅಲ್ಲಿ ಕಾಯಿಸಿದ್ದು ಬೇರೇನಲ್ಲ, ಮತ್ತೆ ಕೆಂಪು ಏಲ್. ಡಬ್ಲಿನ್ನಿಗೆ ಹೋದದ್ದು ಲೇಬಲ್ಲು, ಯಂತ್ರ, ಲೆಕ್ಕದ ಪುಸ್ತಕ. ನೂರು ಗ್ರಾಂ ಕಪ್ಪು ಬಾರ್ಲಿಯ ಲೆಕ್ಕ ಮಾತ್ರ ಲಾರಿ ಹತ್ತಲಿಲ್ಲ.