ಬೂದಿಬಣ್ಣದ ತೇರು

ಹರಪನಹಳ್ಳಿ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಊರ ಗುಡಿಯ ತೇರು ಬೂದಿಬಣ್ಣಕ್ಕೆ ತಿರುಗಿದೆ, ಮರ ಸತ್ತುಹೋಯಿತೆಂದು ಹಿರಿಯರು ಹೇಳುತ್ತಾರೆ, ದಪ್ಪನಾಗಿ ಆಯಿಲ್ ಪೇಂಟ್ ಬಳಿಸಿಬಿಡೋಣವೇ ಸಾರ್ ಎಂಬುದು ಅವನ ಪ್ರಶ್ನೆ. ಬೇಡವೆಂದೆ. ಕಾರಣವನ್ನು ಚಹಾ ಆರುವುದರೊಳಗೆ ಹೇಳಿ ಮುಗಿಸಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮರದ ನಾರುಗಳನ್ನು ಬೆಸೆದಿಡುವ ಅಂಟಿಗೆ ಲಿಗ್ನಿನ್ ಎಂದು ಹೆಸರು. ಬಿಸಿಲಿನ ನೇರಳಾತೀತ ಕಿರಣಗಳು ಅದನ್ನು ಒಡೆಯುತ್ತವೆ. ಮಳೆ ಆ ಚೂರುಗಳನ್ನು ತೊಳೆದೊಯ್ಯುತ್ತದೆ. ಉಳಿದ ಮೇಲ್ಪದರದಲ್ಲಿ ಕಪ್ಪು ವರ್ಣದ ಸೂಕ್ಷ್ಮ ಶಿಲೀಂಧ್ರಗಳು ಬೀಡುಬಿಡುತ್ತವೆ. ಆರಿಯೊಬೇಸಿಡಿಯಮ್ ಪುಲ್ಯುಲನ್ಸ್ ಎಂಬುದು ಅವುಗಳಲ್ಲಿ ಪ್ರಸಿದ್ಧ. ನಾವು ಕಾಣುವ ಬೂದಿಬಣ್ಣ ಇವೆಲ್ಲದರ ಕೂಡುಫಲ. ಅದು ಚರ್ಮದಷ್ಟೇ ಆಳ. ಉಳಿಯಿಂದ ಒಂದೆಳೆ ಕೆತ್ತಿದರೆ ಒಳಗೆ ಮರದ ನಿಜಬಣ್ಣವೇ ಇರುತ್ತದೆ. ಬಿಸಿಲು ಮಳೆಗಳಿಂದಷ್ಟೇ ಮರ ಸವೆಯುವುದು ಶತಮಾನಕ್ಕೆ ಕೆಲವೇ ಮಿಲಿಮೀಟರ್.

ನಿಜವಾದ ವೈರಿ ಬೇರೆ. ಮರವನ್ನು ಒಳಗಿನಿಂದ ಕೊಳೆಸುವ ಶಿಲೀಂಧ್ರಗಳಲ್ಲಿ ಕೆಲವು ಸೆಲ್ಯುಲೋಸನ್ನು ತಿಂದು ಮರವನ್ನು ಕಂದು ಇಟ್ಟಿಗೆಚೂರಿನಂತೆ ಬಿರಿಯಿಸುತ್ತವೆ; ಕೆಲವು ಲಿಗ್ನಿನ್ ಸಹಿತ ಕರಗಿಸಿ ಬಿಳಿಯ ನಾರಾಗಿಸುತ್ತವೆ. ಹೊರರೂಪ ಕೆಡುವ ಮೊದಲೇ ಬಲ ಕುಂದಿರುವುದು ಇಲ್ಲಿಯ ಅಪಾಯ. ಆದರೆ ಇವಕ್ಕೆ ನೀರು ಬೇಕು. ತೇವಾಂಶ ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಇವು ಬೆಳೆಯಲಾರವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಒಣಹವೆ ಮರದ ಪಾಲಿಗೆ ವರವೆಂದೇ ಹೇಳಬೇಕು (ರೈತರು ನನ್ನನ್ನು ಕ್ಷಮಿಸಲಿ!). ಹೊಲದ ಬೇಲಿಯ ಗೂಟವನ್ನು ನೋಡಿರಿ. ಮೇಲ್ಭಾಗ ಗಟ್ಟಿ, ಆಳದಲ್ಲಿ ಹೂತ ತುದಿಯೂ ಎಷ್ಟೋ ವೇಳೆ ಗಟ್ಟಿ, ಮುರಿಯುವುದು ನೆಲಮಟ್ಟದಲ್ಲಿ. ನೀರೂ ಗಾಳಿಯೂ ಒಟ್ಟಿಗೆ ದೊರೆಯುವುದು ಅಲ್ಲಿಯೇ. ಎಂಟನೆಯ ತರಗತಿಯವರಿಗೆ ಇದನ್ನು ಮುರಿದ ಗೂಟ ಹಿಡಿದೇ ಪಾಠಮಾಡುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಇಷ್ಟು ಬಲ್ಲ ನಾನೇ ಒಮ್ಮೆ ಎಡವಿದ್ದೇನೆ. ಮಳೆಗಾಲ ಮುಗಿಯುವ ಮೊದಲೇ, ಇನ್ನೂ ಹಸಿಯಿದ್ದ ನಮ್ಮ ತಲೆಬಾಗಿಲಿನ ಚೌಕಟ್ಟಿಗೆ ಹಬ್ಬದ ಅವಸರದಲ್ಲಿ ಮೂರು ಸಲ ಪೇಂಟ್ ಬಳಿಸಿದೆ. ಬಣ್ಣದ ಬಿರುಕಿನಲ್ಲಿ ನೀರು ಇಳಿಯಿತು, ಹೊರಬರಲು ದಾರಿಯಿರಲಿಲ್ಲ. ನಾಲ್ಕು ವರ್ಷಕ್ಕೆ ಚೌಕಟ್ಟಿನ ಬುಡ ಲಡ್ಡಾಗಿ ಬೆರಳಿಗೆ ಪುಡಿಯಾಯಿತು. ಮೇಲೆ ಬಣ್ಣ ಮಾತ್ರ ಥಳಥಳ ಹೊಳೆಯುತ್ತಿತ್ತು.

ಆದ್ದರಿಂದಲೇ ತೇರುಗಳ ವಿಷಯದಲ್ಲಿ ನನಗೆ ಆತಂಕ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ರಥೋತ್ಸವದಲ್ಲಿ ಅಚ್ಚು ಮುರಿದು ತೇರು ಉರುಳಿದ್ದನ್ನು ನಮ್ಮ ಸೀಮೆ ಮರೆತಿಲ್ಲ. ಅದಕ್ಕೆ ಕೊಳೆತವೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ತೇರಿನ ಭಾರವನ್ನೆಲ್ಲ ಹೊರುವ ಗಾಲಿ, ಅಚ್ಚುಗಳೇ ನೆಲಕ್ಕೆ ಅತಿ ಸಮೀಪವಾದವು. ನಾವೋ ಗೋಪುರಕ್ಕೆ ಬಣ್ಣ, ಬಾವುಟಗಳಿಂದ ಸಿಂಗರಿಸಿ, ಗಾಲಿಯನ್ನು ವರ್ಷವಿಡೀ ಮಣ್ಣಿನಲ್ಲಿ ನಿಲ್ಲಿಸುತ್ತೇವೆ. ಗಾಳಿಯಾಡದ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ ಬೆವರಿಸುವುದು ಬೇರೆ. ಗಾಲಿಯ ಅಡಿಗೆ ಕಲ್ಲುಚಪ್ಪಡಿ, ಮೇಲೆ ಬದಿಗಳು ತೆರೆದ ಚಪ್ಪರ, ಇವು ಪೇಂಟಿಗಿಂತ ಮೇಲು. ದೊಡ್ಡ ತೇರಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ತಜ್ಞರನ್ನು ಕೇಳಬಹುದು.

ಸಣ್ಣ ತೇರಿಗೆ ಒಂದು ದಬ್ಬಳ ಸಾಕು. ಗಟ್ಟಿ ಮರದಲ್ಲಿ ಅದು ಇಳಿಯದು. ಕೊಳೆತಲ್ಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಹೊರಡುವಾಗ ನಮ್ಮ ಮನೆಯ ದಬ್ಬಳವನ್ನೇ ಅವನ ಕೈಗೆ ಕೊಟ್ಟು, ಗಾಲಿಯ ಕೆಳಬದಿಯಿಂದ ಆರಂಭಿಸಲು ಹೇಳಿದ್ದೇನೆ.