ಹಾರುವ ಮುನ್ನ ಹಗ್ಗ ನೋಡಿ

ಕಾಲೇಜು ಪ್ರವಾಸವಿರಲಿ, ಎನ್‌ಸಿಸಿ ಶಿಬಿರವಿರಲಿ, ಬಯಲಿನಲ್ಲಿ ಜೀಪು ಎಳೆಯುವ ಪ್ಯಾರಾಸೇಲಿಂಗ್ ಕಂಡರೆ ನಮ್ಮ ವಯಸ್ಸಿನವರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಹಾರಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಹಾರುವ ಮುನ್ನ ಪ್ರಶ್ನೆ ಕೇಳಿದವರನ್ನು ‘ಪುಕ್ಕಲ’ ಎಂದು ಗೇಲಿ ಮಾಡುವ ಚಾಳಿಯನ್ನು ನಾವು ಬಿಡಲೇಬೇಕು.

2021ರ ನವೆಂಬರ್‌ನಲ್ಲಿ ದಿಯುವಿನ ನಾಗೋವಾ ಕಡಲತೀರದಲ್ಲಿ ದಂಪತಿ ಹಾರುತ್ತಿದ್ದಾಗ ದೋಣಿಗೆ ಕಟ್ಟಿದ್ದ ಹಗ್ಗ ತುಂಡಾಯಿತು. ಅವರು ಬಿದ್ದದ್ದು ಸಮುದ್ರಕ್ಕೆ. ಮೈಮೇಲೆ ಲೈಫ್ ಜಾಕೆಟ್ ಇತ್ತು, ಬದುಕಿದರು. ಬಯಲಿನಲ್ಲಿ ಕಾಪಾಡಲು ನೀರಿಲ್ಲ. ಅಲ್ಲಿರುವುದು ಕಲ್ಲು, ಬೇಲಿ, ಮರ, ವಿದ್ಯುತ್ ತಂತಿ.

ಪ್ಯಾರಾಸೇಲಿಂಗ್‌ನಲ್ಲಿ ಹಾರುವವರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಜೀವ ಚಾಲಕ, ಹಗ್ಗ ಮತ್ತು ಗಾಳಿಯ ವಶ. ಗಾಳಿಯ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಪ್ಯಾರಾಚೂಟ್‌ಗೆ ಎದುರಾಗುವ ಗಾಳಿ ಗಂಟೆಗೆ 30 ಕಿ.ಮೀ.ನಿಂದ 42 ಕಿ.ಮೀ.ಗೆ ಏರಿದರೆ ಸಾಕು, ಎಳೆತ ಸುಮಾರು ಎರಡು ಪಟ್ಟಾಗುತ್ತದೆ. ಅಡ್ಡಗಾಳಿಗೆ ಪ್ಯಾರಾಚೂಟ್ ಒಂದು ಬದಿಗೆ ವಾಲಿದ ಮೇಲೂ ಜೀಪು ಎಳೆಯುತ್ತಲೇ ಇದ್ದರೆ, ಅದು ಮೇಲೇರುವ ಬದಲು ನೆಲಕ್ಕೆ ಅಪ್ಪಳಿಸಬಹುದು. ಕಡಿಮೆ ಎತ್ತರದಲ್ಲಿ ಸಾವರಿಸಿಕೊಳ್ಳಲು ಸಮಯವೂ ಸಿಗದು.

ಹಾಗಾಗಿ ಎಲ್ಲ ಎಚ್ಚರಿಕೆಯೂ ನೆಲ ಬಿಡುವ ಮೊದಲೇ ಆಗಬೇಕು. ಗಾಳಿಯ ವೇಗ ಅಳೆಯುವ ಸಾಧನವಿದೆಯೇ? ಹಗ್ಗ ಸವೆದಿದೆಯೇ, ಗಂಟು ಬಿದ್ದಿದೆಯೇ? ಚಾಲಕನಲ್ಲದೆ, ಹಾರುವವರ ಮೇಲೆ ಕಣ್ಣಿಟ್ಟ ಇನ್ನೊಬ್ಬರು ಜೀಪಿನಲ್ಲಿದ್ದಾರೆಯೇ? ಅಪಾಯ ಕಂಡರೆ ಹಗ್ಗ ಕಳಚುವವರು ಯಾರು? ಇಷ್ಟು ಕೇಳಲು ಎರಡು ನಿಮಿಷ ಸಾಕು.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲೇ ಸಾಹಸ ಪ್ರವಾಸೋದ್ಯಮಕ್ಕೆ ಮಾರ್ಗಸೂಚಿ ಹೊರತಂದಿದೆ. ಅದು ಕಾಗದದಲ್ಲಿದ್ದರೆ ಸಾಲದು. ‘ಏನಾದರೂ ಆದರೆ ನಾವು ಹೊಣೆಯಲ್ಲ’ ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗ ಇರುವ ಶ್ರದ್ಧೆ ಹಗ್ಗ ಪರೀಕ್ಷಿಸುವಾಗಲೂ ಇರಲಿ. ವಿದ್ಯಾರ್ಥಿಗಳನ್ನು ಕರೆದೊಯ್ಯುವ ಕಾಲೇಜುಗಳು ಆಯೋಜಕರ ಪರವಾನಗಿ, ವಿಮೆ, ಸಿಬ್ಬಂದಿಯ ತರಬೇತಿಯನ್ನು ಮೊದಲೇ ಪರಿಶೀಲಿಸಲಿ.

ಈ ಕ್ಷೇತ್ರದಲ್ಲಿ ಕೆಲಸ ಹುಡುಕುವ ಗೆಳೆಯರಿಗೂ ಒಂದು ಮಾತು. ರಜೆಯ ದಿನಗಳಲ್ಲಿ ನಾಲ್ಕು ಕಾಸು ಸಿಗುತ್ತದೆಂದು ತರಬೇತಿಯಿಲ್ಲದೆ ಹಗ್ಗ ಹಿಡಿಯಲು ಒಪ್ಪಬೇಡಿ. ಇನ್ನೊಬ್ಬರ ಮಗಳು, ಮಗ ಆ ಹಗ್ಗದ ತುದಿಯಲ್ಲಿರುತ್ತಾರೆ. ಮೊದಲು ಕಲಿಯಿರಿ, ಆಮೇಲೆ ದುಡಿಯಿರಿ.

ಸರದಿ ಉದ್ದವಿದ್ದರೂ ‘ಗಾಳಿ ಜೋರಾಗಿದೆ, ಇವತ್ತು ಹಾರಾಟವಿಲ್ಲ’ ಎಂದು ಹಣ ಹಿಂತಿರುಗಿಸುವ ಆಯೋಜಕರು ಸಿಕ್ಕರೆ ಅವರೊಂದಿಗೆ ಜಗಳಕ್ಕಿಳಿಯಬೇಡಿ. ಮತ್ತೊಮ್ಮೆ ಹಾರಬೇಕೆನಿಸಿದಾಗ ಅವರ ಬಳಿಯೇ ಹೋಗಿ.