ಸುಟ್ಟ ಮುಖಕ್ಕೆ ಕನಿಕರ ಬೇಡ, ಕೆಲಸ ಕೊಡಿ

ಶಿಕಾರಿಪುರ ತಾಲ್ಲೂಕಿನ ಉಡುತಡಿಗೆ ಹೋಗಿ ಕೈಮುಗಿಯುವ ಮಹನೀಯರಿಗೆ ನಮ್ಮದೊಂದು ಪ್ರಶ್ನೆ. ಕೌಶಿಕ ರಾಜನನ್ನು ಒಲ್ಲೆನೆಂದು ಹೊರಟ ಅಕ್ಕ ನಿಮಗೆ ಪೂಜ್ಯಳು. ಇಂದಿನ ಹೆಣ್ಣು ಒಲ್ಲೆನೆಂದರೆ?

1999ರಲ್ಲಿ ಬೆಂಗಳೂರಿನ ಹಸೀನಾ ಹುಸೇನ್ ಕೆಲಸ ಬಿಟ್ಟು ಹೊರಟರು. ಹಿಂದಿನ ಮಾಲೀಕ ಆ್ಯಸಿಡ್ ಸುರಿದ. ಮುಖ ಬೆಂದಿತು, ಕಣ್ಣು ಹೋಯಿತು. 2006ರಲ್ಲಿ ಹೈಕೋರ್ಟು ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಗಿರಣಿಯ ಸಂಗಾತಿಗಳೇ, ಕೆಲಸ ಬಿಡುವುದು ಕೂಲಿಗಾರನ ಹಕ್ಕಲ್ಲವೆ? ಇದು ಹೆಂಗಸರ ಗೋಳೆಂದು ಯೂನಿಯನ್ನುಗಳು ಸುಮ್ಮನಿದ್ದರೆ ನಾಚಿಕೆಗೇಡು.

2013ರಲ್ಲಿ ಸುಪ್ರೀಂ ಕೋರ್ಟು ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರವೆಂದಿತು. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ ಬೇಡುವ ಮುಖಕ್ಕೆ ಅದು ಯಾವ ಮೂಲೆಗೆ? 2015ರಲ್ಲಿ ಖಾಸಗಿ ಆಸ್ಪತ್ರೆಗಳೂ ಪುಕ್ಕಟೆ ಚಿಕಿತ್ಸೆ ಕೊಡಬೇಕೆಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಸರ್ಕಾರಿ ನೌಕರಿಯ ನೂರಕ್ಕೆ 4ರ ಮೀಸಲಿನಲ್ಲಿ ಇವರಿಗೂ ಪಾಲುಂಟು. ಆ ಪಾಲನ್ನು ಕೇಳಿ ಪಡೆಯಲು ಜೊತೆಗೆ ಕಚೇರಿ ಮೆಟ್ಟಿಲು ಹತ್ತುವವರು ಬೇಕು, ನಾವು ಹತ್ತೋಣ.

ಅಂಗಡಿಯ ಮಿತ್ರರು ಮುನಿಯಬಾರದು. ಗುರುತಿನ ಚೀಟಿ ನೋಡದೆ, ರಿಜಿಸ್ಟರಿನಲ್ಲಿ ಬರೆಯದೆ ಆ್ಯಸಿಡ್ ಮಾರಿದರೆ 50,000 ರೂಪಾಯಿವರೆಗೆ ದಂಡವೆಂದು 2013ರ ಆದೇಶದಲ್ಲೇ ಇದೆ. ಅದಿರಲಿ. ನಿಮ್ಮ ಗಲ್ಲಾದ ಬಳಿ, ಲೆಕ್ಕದ ಪುಸ್ತಕದ ಮುಂದೆ ಇಂಥ ಒಬ್ಬಳನ್ನು ಕೂರಿಸುವಿರಾ? ಗಿರಾಕಿ ಬೆದರುತ್ತಾನೆಂಬ ನೆಪವನ್ನು ನಾವು ಒಪ್ಪುವುದಿಲ್ಲ. ಸಾಲ ಕೊಡುವ ಅಂಗಡಿಯಾದರೆ ಅವನು ಎರಡೇ ದಿನದಲ್ಲಿ ಒಗ್ಗಿಕೊಳ್ಳುತ್ತಾನೆ.